ಮನೆಯಿಂದ ವಿಶ್ವವಿದ್ಯಾಲಯಕ್ಕೆ: ಬಸ್ಸಿನ ದಾರಿಯ ಲೆಕ್ಕ

(ಸಂಘದ ಚಳಿಗಾಲದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಘದ ಕಾರ್ಯದರ್ಶಿಗಳು ನಮ್ಮನ್ನು ಆಹ್ವಾನಿಸಿದಾಗ ಸಕ್ಕರೆ ಕಾಯಿಲೆಯ ಕುರಿತೋ ರಕ್ತದೊತ್ತಡದ ಕುರಿತೋ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದರು. ವೈದ್ಯರನ್ನು ಕರೆದವರು ಕೇಳುವುದು ಇದನ್ನೇ. ಕೇಳಿದ ಮೇಲೆ ಎದ್ದು ಹೋಗಿ ಹೋಳಿಗೆಯ ಸಾಲಿನಲ್ಲಿ ನಿಲ್ಲುವುದೂ ವಾಡಿಕೆಯೇ. ನಾವು ವಿಷಯವನ್ನು ಬದಲಿಸಲು ಅನುಮತಿ ಬೇಡಿದೆವು. ಒಂಟಾರಿಯೊದಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳು ಜನವರಿಯ ನಡುವಿನ ಹೊತ್ತಿಗೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಮೇ ತಿಂಗಳು ಕಳೆಯುವಷ್ಟರಲ್ಲಿ ಯಾವುದಾದರೂ ಒಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಈ ಸಭೆಯಲ್ಲಿ ಕುಳಿತವರ ಪೈಕಿ ಎಷ್ಟೋ ಮನೆಗಳಲ್ಲಿ ಈಗ ರಾತ್ರಿಯ ಊಟದ ಮೇಜಿನ ಮೇಲೆ ಅದೇ ಮಾತು. ಆ ಮಾತಿನಲ್ಲಿ ಸಾಮಾನ್ಯವಾಗಿ ಬಾರದೇ ಹೋಗುವ ಒಂದು ಸಂಗತಿಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ. ಅದು ಮನೆಗೂ ವಿಶ್ವವಿದ್ಯಾಲಯಕ್ಕೂ ನಡುವಿನ ಬಸ್ಸಿನ ದಾರಿ.

‘ನಾವು’ ಎಂದಾಗಲೆಲ್ಲ ನಮ್ಮ ಮನೆಯವರನ್ನೂ ಸೇರಿಸಿಕೊಂಡು ಹೇಳುತ್ತಿದ್ದೇವೆಂದು ತಿಳಿಯಬೇಕು. ಏಕೆಂದರೆ ಇಲ್ಲಿ ಹೇಳಲಿರುವ ತಪ್ಪು ಇಬ್ಬರದೂ ಹೌದು.

ನಮ್ಮ ಮಗಳು ವಿಶ್ವವಿದ್ಯಾಲಯ ಸೇರಿದ್ದು 2016ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುನ್ನ ನಾವು ದೊಡ್ಡದೊಂದು ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದ್ದೆವು. ವಿಶ್ವವಿದ್ಯಾಲಯದ ಹೆಸರು, ಅದರ ಕೀರ್ತಿ, ಶುಲ್ಕ, ವಿದ್ಯಾರ್ಥಿವೇತನ, ಮುಂದೆ ಸಿಗಬಹುದಾದ ಉದ್ಯೋಗ, ಇಷ್ಟಕ್ಕೂ ಒಂದೊಂದು ಕಲಮು. ಕೊನೆಯ ಕಲಮಿಗೆ ‘ಪ್ರಯಾಣ’ ಎಂಬ ತಲೆಬರಹವೂ ಇತ್ತು. ಟೊರಾಂಟೊ ಪೇಟೆಯ ನಡುವಿನ ವಿಶ್ವವಿದ್ಯಾಲಯದ ಸಾಲಿನಲ್ಲಿ ಆ ಕಲಮಿನೊಳಗೆ ನಾವು ಬರೆದದ್ದು ಎರಡೇ ಪದ: ‘ಬಸ್ಸು ಇದೆ’. ಆ ಎರಡು ಪದಗಳನ್ನು ಬರೆದವರು ಮುಂದಿನ ಎರಡು ವರ್ಷ ಒಂದು ದಿನವೂ ಆ ಬಸ್ಸನ್ನು ಹತ್ತಲಿಲ್ಲ.

ನಮ್ಮ ಮನೆ ಇರುವುದು ಮಿಲ್ಟನ್‌ನಲ್ಲಿ. ತಮಗೆಲ್ಲ ತಿಳಿದಂತೆ ಮಿಲ್ಟನ್ ಮಾರ್ಗದ ಗೋ ರೈಲು ವಾರದ ದಿನಗಳಲ್ಲಿ ಬೆಳಗ್ಗೆ ಪೇಟೆಯ ಕಡೆಗೆ, ಸಂಜೆ ಮನೆಯ ಕಡೆಗೆ ಓಡುವಂಥದು. ಆ ಹಳಿ ಸರಕು ಸಾಗಿಸುವ ರೈಲು ಕಂಪನಿಯದು. ಕಚೇರಿಗೆ ಹೋಗಿಬರುವವರಿಗೆ ಈ ವ್ಯವಸ್ಥೆ ಸಾಕು. ವಿದ್ಯಾರ್ಥಿಯ ದಿನ ಕಚೇರಿಯ ದಿನದಂತಲ್ಲ. ಒಂದು ದಿನ ಒಂಬತ್ತಕ್ಕೆ ತರಗತಿ, ಮರುದಿನ ಹನ್ನೊಂದಕ್ಕೆ, ಇನ್ನೊಂದು ದಿನ ಸಂಜೆ ಆರರಿಂದ ಒಂಬತ್ತರವರೆಗೆ ಪ್ರಯೋಗಶಾಲೆ. ಹೀಗಾಗಿ ನಮ್ಮ ಮಗಳಿಗೆ ವಾರದಲ್ಲಿ ಎರಡು ಬೆಳಗ್ಗೆ ಮಾತ್ರ ರೈಲು ಕೂಡಿಬರುತ್ತಿತ್ತು. ಮಿಕ್ಕ ಮೂರು ಬೆಳಗ್ಗೆಯೂ, ಹೆಚ್ಚುಕಡಿಮೆ ಎಲ್ಲ ರಾತ್ರಿಗಳಲ್ಲಿಯೂ ಬಸ್ಸೇ ಗತಿ. ಮನೆಯಿಂದ ನಿಲ್ದಾಣಕ್ಕೆ ಕಾರಿನಲ್ಲಿ ಹತ್ತು ನಿಮಿಷ, ಅಲ್ಲಿ ಕಾಯುವುದು ಹತ್ತು ನಿಮಿಷ, ಬಸ್ಸಿನಲ್ಲಿ ಒಂದು ಗಂಟೆ ಹದಿನೈದು ನಿಮಿಷ, ಯೂನಿಯನ್ ನಿಲ್ದಾಣದಲ್ಲಿ ಇಳಿದು ಸುರಂಗ ರೈಲು ಹಿಡಿದು ನಡೆದು ತರಗತಿ ಮುಟ್ಟಲು ಇಪ್ಪತ್ತೈದು ನಿಮಿಷ. ಬಾಗಿಲಿನಿಂದ ಬಾಗಿಲಿಗೆ ಎರಡು ಗಂಟೆ, ಹೋಗಿಬರಲು ನಾಲ್ಕು.

ಈ ನಾಲ್ಕು ಗಂಟೆಯನ್ನು ನಾವು ಒಮ್ಮೆಯೂ ಗುಣಿಸಿ ನೋಡಿರಲಿಲ್ಲ. ಇಂದು ತಮ್ಮೆದುರಿಗೆ ಗುಣಿಸುತ್ತೇವೆ. ದಿನಕ್ಕೆ ನಾಲ್ಕು, ವಾರಕ್ಕೆ ಇಪ್ಪತ್ತು. ಇಲ್ಲಿನ ಒಂದು ಅವಧಿಯಲ್ಲಿ ಪಾಠ ನಡೆಯುವುದು 12 ವಾರ, ಎರಡು ಅವಧಿಗೆ 24 ವಾರ. ಒಟ್ಟು 480 ಗಂಟೆ. ಒಂದು ಅವಧಿಯ ಒಂದು ವಿಷಯಕ್ಕೆ ವಾರಕ್ಕೆ ಮೂರು ಗಂಟೆಯಂತೆ 36 ಗಂಟೆಗಳ ಪಾಠ. ವರ್ಷಕ್ಕೆ ಹತ್ತು ವಿಷಯವೆಂದರೆ 360 ಗಂಟೆ. ಅಂದರೆ ನಮ್ಮ ಮಗಳು ಪ್ರಾಧ್ಯಾಪಕರ ಮುಂದೆ ಕುಳಿತದ್ದಕ್ಕಿಂತ 120 ಗಂಟೆ ಹೆಚ್ಚಾಗಿ ದಾರಿಯಲ್ಲಿ ಕುಳಿತಿದ್ದಳು. ಶುಲ್ಕವನ್ನು ಡಾಲರು ಸೆಂಟುಗಳವರೆಗೆ ಲೆಕ್ಕ ಹಾಕಿದ ನಾವು ಈ ಲೆಕ್ಕವನ್ನು ಹಾಕದೆ ಬಿಟ್ಟದ್ದು ಹೇಗೆಂದು ಈಗಲೂ ಆಶ್ಚರ್ಯವಾಗುತ್ತದೆ.

ಇದರಲ್ಲಿ ನಾಚಿಕೆಯ ಸಂಗತಿ ಇನ್ನೊಂದಿದೆ. ಬಸ್ಸಿನ ಓದು ಎಂದರೇನೆಂದು ನಮಗೆ ತಿಳಿಯದ್ದಲ್ಲ. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಿಂದ ಮಂಡ್ಯಕ್ಕೆ ಪಿ.ಯು.ಸಿ. ಓದಲು ಹೊರಟ ನಾಲ್ವರು ಹುಡುಗರಲ್ಲಿ ನಾವೂ ಒಬ್ಬರು. ರಾತ್ರಿ ನಮ್ಮೂರಿನಲ್ಲಿಯೇ ಹಾಲ್ಟ್ ಆಗುತ್ತಿದ್ದ ಸರ್ಕಾರಿ ಬಸ್ಸು ಬೆಳಗ್ಗೆ ಆರಕ್ಕೆ ಹೊರಡುತ್ತಿತ್ತು. ಅವ್ವ ಕತ್ತಲಲ್ಲೇ ಎದ್ದು ರೊಟ್ಟಿ ತಟ್ಟಿ ಕಟ್ಟಿಕೊಡುತ್ತಿದ್ದಳು. ಹೋಗುವಾಗ ಸೀಟು ಸಿಗುತ್ತಿತ್ತು, ಬರುವಾಗ ಇಲ್ಲ. ಸಂಜೆ ರಸಾಯನಶಾಸ್ತ್ರದ ಪ್ರ್ಯಾಕ್ಟಿಕಲ್ ಮುಗಿಯುವುದು ಐದಕ್ಕೆ, ನಮ್ಮ ಕಡೆಯ ಕೊನೆಯ ಬಸ್ಸು ಐದೂವರೆಗೆ. ಹೀಗಾಗಿ ಎರಡನೆಯ ಟೈಟ್ರೇಷನ್ ಎಂಬುದನ್ನು ನಾವು ನಾಲ್ವರೂ ಮಾಡಿದವರೇ ಅಲ್ಲ. ಪಕ್ಕದ ಮೇಜಿನವನ ರೀಡಿಂಗನ್ನು ಬರೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದವರು. ಆ ನಾಲ್ವರಲ್ಲಿ ಇಬ್ಬರು ಪಿ.ಯು.ಸಿ. ದಾಟಲಿಲ್ಲ. ಅವರು ದಡ್ಡರಾಗಿರಲಿಲ್ಲ, ಒಬ್ಬನು ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು. ನಮಗೆ ಎರಡನೆಯ ವರ್ಷ ಮಂಡ್ಯದ ವಿದ್ಯಾರ್ಥಿನಿಲಯವೊಂದರಲ್ಲಿ ಸ್ಥಳ ದೊರಕಿತು. ಅದು ದೊರಕದೇ ಇದ್ದಿದ್ದರೆ ಮೈಸೂರು ಮೆಡಿಕಲ್ ಕಾಲೇಜಾಗಲಿ, ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ರೆಸಿಡೆನ್ಸಿಯಾಗಲಿ, ಇಂದು ಈ ವೇದಿಕೆಯಾಗಲಿ ನಮಗೆ ಇರುತ್ತಿರಲಿಲ್ಲ.

ನಮ್ಮ ನಾಡಿನ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಹಳ್ಳಿಯ ಹುಡುಗ ದಿನವೂ ಬಂದುಹೋಗುತ್ತ ಓದಲಾರನೆಂದು ಅರಿತೇ ಅವರು ಊರೂರಿನಲ್ಲಿ ಹಾಸ್ಟೆಲುಗಳನ್ನು ಕಟ್ಟಿಸಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ವಸತಿ ದೊರೆತದ್ದು ಇದೇ ಅರಿವಿನಿಂದ. ಅದಕ್ಕೂ ಹಿಂದೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರಾನ್ನದ ಅವಮಾನಗಳೂ ಇದ್ದವು, ಅದನ್ನು ನಾವು ಹೊಗಳಿ ಹಾಡುವುದಿಲ್ಲ. ಆದರೆ ಹುಡುಗನು ಶಾಲೆಯ ಹತ್ತಿರ ಇರಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಅಂಥ ನಾಡಿನಿಂದ ಬಂದ ನಾವು ಇಲ್ಲಿ ನಾಲ್ಕು ಮಲಗುವ ಕೋಣೆಗಳ ಮನೆ ಕಟ್ಟಿಕೊಂಡು, ‘ಇಷ್ಟು ದೊಡ್ಡ ಮನೆಯಿರುವಾಗ ಹಾಸ್ಟೆಲು ಏಕೆ?’ ಎಂದು ಮಗಳನ್ನು ಕೇಳಿದೆವು.

ಇನ್ನು ನಡೆದ ಸಂಗತಿಗೆ ಬರೋಣ. ಮೊದಲ ವರ್ಷ ಹೇಗೋ ಕಳೆಯಿತು. ಅಂಕಗಳು ಸ್ವಲ್ಪ ಇಳಿದವು. ಮೊದಲ ವರ್ಷ ಎಲ್ಲರಿಗೂ ಇಳಿಯುತ್ತವೆಂದು ಸಮಾಧಾನ ಮಾಡಿಕೊಂಡೆವು. ಎರಡನೆಯ ವರ್ಷದ ಚಳಿಗಾಲ, 2018ರ ಫೆಬ್ರವರಿ. ಮಧ್ಯಾಹ್ನ ಹನ್ನೆರಡಕ್ಕೆ ಅವಧಿಯ ನಡುವಿನ ಪರೀಕ್ಷೆ. ರಾತ್ರಿಯೆಲ್ಲ ಹಿಮ ಬಿದ್ದಿದ್ದರಿಂದ ಅವಳು ಮೂರು ಗಂಟೆ ಮೊದಲೇ ಹೊರಟಿದ್ದಳು. 401 ಹೆದ್ದಾರಿಯಲ್ಲಿ ಟ್ರಕ್ಕೊಂದು ಅಡ್ಡಡ್ಡಲಾಗಿ ನಿಂತು ದಾರಿ ಕಟ್ಟಿತು. ಬಸ್ಸು ನಿಂತಲ್ಲಿಯೇ ನಿಂತಿತು. ಅವಳು ಪರೀಕ್ಷೆಯ ಕೋಣೆಯನ್ನು ಮುಟ್ಟಿದಾಗ ಉಳಿದಿದ್ದದ್ದು ಇಪ್ಪತ್ತು ನಿಮಿಷ. ಆ ಸಂಜೆ ಮನೆಗೆ ಬಂದು ನಮಗೇನೂ ಹೇಳಲಿಲ್ಲ. ಎರಡು ವಾರಗಳ ಮೇಲೆ, ಓದಿನ ರಜೆಯಲ್ಲಿ, ಆ ವಿಷಯವನ್ನು ಕೈಬಿಡುವ ಅರ್ಜಿಯ ಕಾಗದ ನಮ್ಮ ಮನೆಯವರ ಕಣ್ಣಿಗೆ ಬಿತ್ತು.

ನಾವು ಕೇಳಿದ ಮೊದಲ ಪ್ರಶ್ನೆ ಇಂದಿಗೂ ನಮ್ಮ ಕಿವಿಯಲ್ಲಿದೆ. ‘ದಿನಾ ನಾಲ್ಕು ಗಂಟೆ ಬಸ್ಸಲ್ಲಿ ಕೂತಿರ್ತೀಯಲ್ಲ, ಓದ್ಕೋಬಹುದಿತ್ತಲ್ಲಮ್ಮ?’

ಅವಳು ಜಗಳವಾಡಲಿಲ್ಲ. ‘ಅಪ್ಪ, ಒಂದಿನ ನೀವಿಬ್ರೂ ನನ್ಜೊತೆ ಬನ್ನಿ’ ಎಂದಳು, ಅಷ್ಟೇ.

ಮಾರ್ಚಿನ ಮೊದಲ ಮಂಗಳವಾರ ನಾವಿಬ್ಬರೂ ರಜೆ ಹಾಕಿ ಅವಳ ಜೊತೆ ಹೊರಟೆವು. ಈ ಒಂದು ದಿನದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಸಭೆಯ ಅಪ್ಪಣೆ ಬೇಕು. ಬಸ್ಸಿನಲ್ಲಿ ಯಾವ ಸೀಟಿನ ಕಾಲಬುಡದಲ್ಲಿ ಬಿಸಿಗಾಳಿ ಬರುತ್ತದೆ, ಯಾವ ಕಿಟಕಿಯ ಅಂಚಿನಿಂದ ತಣ್ಣನೆಯ ಗಾಳಿ ನುಸುಳುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ನಮ್ಮನ್ನು ಒಳ್ಳೆಯ ಸೀಟಿನಲ್ಲಿ ಕೂರಿಸಿ, ತಾನು ಹಿಂದೆ ಕುಳಿತು, ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ಸುತ್ತಲಿನ ಹುಡುಗ ಹುಡುಗಿಯರೂ ಹಾಗೆಯೇ ಸುತ್ತಿಕೊಂಡಿದ್ದರು. ನಿದ್ದೆ ಹೋದಾಗ ಬ್ಯಾಗು ಜಾರಬಾರದೆಂದು. ಬಸ್ಸು ಹೊರಟ ಐದು ನಿಮಿಷದೊಳಗೆ ಅರ್ಧ ಬಸ್ಸು ತಲೆ ವಾಲಿಸಿತ್ತು. ನಾವು ಹಟ ಹಿಡಿದವರಂತೆ ವೈದ್ಯಕೀಯ ಪತ್ರಿಕೆಯೊಂದನ್ನು ತೆರೆದೆವು. ಮೆಡೋವೇಲ್ ಬರುವ ಹೊತ್ತಿಗೆ ಹಣೆಯ ಮೇಲೆ ಬೆವರು, ಸ್ಟ್ರೀಟ್ಸ್‌ವಿಲ್ ಬರುವಷ್ಟರಲ್ಲಿ ಹೊಟ್ಟೆ ತೊಳಸತೊಡಗಿತು. ಪತ್ರಿಕೆಯನ್ನು ಮಡಿಸಿಟ್ಟು ಕಿಟಕಿಯಾಚೆಗೆ ನೋಡುತ್ತ ಕುಳಿತೆವು. ಹಿಂದಿನಿಂದ ಅವಳು ನಗುತ್ತಿದ್ದಳೇನೋ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಇದರ ಕಾರಣವನ್ನು ನಾವು ಎಂ.ಬಿ.ಬಿ.ಎಸ್. ಎರಡನೆಯ ವರ್ಷದ ಹೊತ್ತಿಗೇ ಬಾಯಿಪಾಠ ಮಾಡಿದ್ದವರು. ಒಳಕಿವಿಯ ಅರ್ಧಚಂದ್ರಾಕಾರದ ನಾಳಗಳು ಮತ್ತು ಅವುಗಳ ಬುಡದ ಸಣ್ಣ ಚೀಲಗಳು ದೇಹದ ತಿರುವು, ಓಟ, ನಿಲುಗಡೆಗಳನ್ನು ಮೆದುಳಿಗೆ ತಿಳಿಸುತ್ತಿರುತ್ತವೆ. ಕಣ್ಣು ಪುಸ್ತಕದ ಮೇಲೆ ನೆಟ್ಟಾಗ ಅದು ‘ಎಲ್ಲವೂ ನಿಂತಿದೆ’ ಎಂದು ವರದಿ ಕೊಡುತ್ತದೆ. ಕಿವಿಯ ಸಾಕ್ಷಿಗೂ ಕಣ್ಣಿನ ಸಾಕ್ಷಿಗೂ ತಾಳೆಯಾಗದೆ ಮೆದುಳು ಗೊಂದಲಗೊಂಡು ವಾಕರಿಕೆಯನ್ನು ಹುಟ್ಟಿಸುತ್ತದೆ. ಕೆಲವರಿಗೆ ಇದು ಬಾಧಿಸುವುದಿಲ್ಲ, ಅವರು ಪುಣ್ಯವಂತರು. ಬಹಳ ಮಂದಿಗೆ ಬಾಧಿಸುತ್ತದೆ. ಓದಲಾಗದವರು ಕೇಳಬಹುದು; ಮುದ್ರಿಸಿಕೊಂಡ ಪಾಠವನ್ನು ಕಿವಿಗೆ ಹಾಕಿಕೊಂಡು ಕುಳಿತವರನ್ನೂ ಕಂಡೆವು. ಆದರೆ ಲೆಕ್ಕ ಮಾಡುವುದು, ಬರೆಯುವುದು ಆಗದ ಮಾತು. ‘ಬಸ್ಸಿನಲ್ಲಿ ಓದಿಕೊಳ್ಳುತ್ತಾಳೆ’ ಎಂದು ಯಾರಾದರೂ ಲೆಕ್ಕ ಹಾಕಿಕೊಂಡಿದ್ದರೆ ದಯವಿಟ್ಟು ಮೊದಲು ತಾವೇ ಒಂದು ಗಂಟೆ ಓದಿ ನೋಡಬೇಕು.

ಆ ದಿನ ಅವಳ ಪ್ರಯೋಗಶಾಲೆ ಮುಗಿದದ್ದು ರಾತ್ರಿ ಒಂಬತ್ತಕ್ಕೆ. ನಾವು ಕಟ್ಟಡದ ಮೊಗಸಾಲೆಯಲ್ಲಿ ಕಾಯುತ್ತಿದ್ದೆವು. ಏಳೆಂಟು ಮಂದಿ ಒಟ್ಟಿಗೆ ಹೊರಬಂದರು. ಬಾಗಿಲ ಬಳಿ ನಿಂತು, ಆಗಿನ ಪ್ರಯೋಗದ ಬಗ್ಗೆಯೇ ಏನೋ ವಾದ ಮಾಡುತ್ತ, ಎದುರಿನ ಕಾಫಿ ಅಂಗಡಿಗೆ ಹೊರಟರು. ನಮ್ಮ ಮಗಳು ಗಡಿಯಾರ ನೋಡಿಕೊಂಡು, ಅವರಿಗೆ ಕೈಬೀಸಿ, ಈ ಕಡೆಗೆ ಬಂದಳು. ಅವರು ಒತ್ತಾಯಿಸಲಿಲ್ಲ. ಒತ್ತಾಯಿಸಿ ಒತ್ತಾಯಿಸಿ ಬೇಸತ್ತು ಬಿಟ್ಟುಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಬಸ್ಸಿನಲ್ಲಿ ಬರುವಾಗ ಅವಳು ಹೇಳಿದಳು: ‘ಅಮ್ಮ, ನಂಗೆ ಎಲ್ರ ಹೆಸ್ರೂ ಗೊತ್ತು. ಆದ್ರೆ ಫ್ರೆಂಡು ಅಂತ ಯಾರೂ ಇಲ್ಲ. ಅವ್ರೆಲ್ಲ ಮಾತಾಡೋಕೆ ಶುರು ಮಾಡೋ ಹೊತ್ತಿಗೆ ನಾನು ಹೊರಡ್ಬೇಕು.’ ಮನೆ ಸೇರಿದಾಗ ಹನ್ನೊಂದೂಕಾಲು. ನಮಗೆ ಊಟವೂ ಬೇಡವಾಗಿತ್ತು. ಅವಳು ತಟ್ಟೆ ಹಾಕಿಕೊಂಡು ಪುಸ್ತಕ ತೆರೆದಳು.

ವೈದ್ಯರಾಗಿ ನಾವು ಹೇಳಬಹುದಾದ ಮಾತು ನಿದ್ದೆಯ ಕುರಿತಾದದ್ದು. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆಗಳ ನಿದ್ದೆ ಬೇಕೆಂದು ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಷನ್ 2015ರಲ್ಲಿ ಸಲಹೆ ನೀಡಿತು. ಮತ್ತೊಂದು ಸಂಗತಿಯನ್ನು ನಮ್ಮ ತಲೆಮಾರಿನವರು ನಂಬುವುದಿಲ್ಲ. ಹದಿಹರೆಯದಲ್ಲಿ ಮೆದುಳಿನೊಳಗಿನ ಗಡಿಯಾರ ತಡವಾಗಿ ಓಡತೊಡಗುತ್ತದೆ. ನಿದ್ದೆಯನ್ನು ಕರೆತರುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಇಪ್ಪತ್ತರ ಆಚೀಚೆಯವರೆಗೂ ಇದು ಹೀಗೆಯೇ ಇರುತ್ತದೆ. ಹಾಗಾಗಿ ರಾತ್ರಿ ಹತ್ತಕ್ಕೆ ಮಲಗೆಂದರೆ ಅವರಿಗೆ ನಿದ್ದೆ ಬಾರದು, ಬೆಳಗ್ಗೆ ಐದೂವರೆಗೆ ಏಳೆಂದರೆ ಏಳಲಾಗದು. ಇದು ಸೋಮಾರಿತನವಲ್ಲ. ನಮ್ಮ ಮಗಳು ರೈಲಿನ ದಿನಗಳಲ್ಲಿ ಒಂದಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದಳು. ಬಸ್ಸಿನ ತೂಕಡಿಕೆ ಈ ಕೊರತೆಯನ್ನು ತುಂಬುವುದಿಲ್ಲ. ಅದು ಬೆಳಕು, ಕುಲುಕಾಟ, ನಿಲ್ದಾಣಗಳ ನಡುವೆ ತುಂಡುತುಂಡಾದ ಮೇಲ್ಪದರದ ನಿದ್ದೆ.

‘ಹಾಗಾದರೆ ಹಳೆಯ ಕಾರೊಂದನ್ನು ಕೊಡಿಸಿಬಿಡೋಣ’ ಎಂದು ತಾವು ಯೋಚಿಸುತ್ತಿರಬಹುದು. ಇದಕ್ಕೆ ನಮ್ಮ ಉತ್ತರ ಸ್ಪಷ್ಟವಾಗಿ ಬೇಡ ಎಂದು. ನಿದ್ದೆಗೆಟ್ಟವನು ಬಸ್ಸಿನಲ್ಲಿ ತೂಕಡಿಸಿದರೆ ಇಳಿಯುವ ನಿಲ್ದಾಣ ತಪ್ಪಬಹುದು. ಕಾರಿನಲ್ಲಿ ತೂಕಡಿಸಿದರೆ ಪ್ರಾಣ ಹೋಗಬಹುದು. ರೆಸಿಡೆನ್ಸಿಯ ದಿನಗಳಲ್ಲಿ ಮೂವತ್ತು ಗಂಟೆಗಳ ಪಾಳಿ ಮುಗಿಸಿ ಕಾರು ಓಡಿಸಿಕೊಂಡು ಮನೆಗೆ ಹೋದವರು ನಾವು. ಅಮೆರಿಕದಲ್ಲಿ ರೆಸಿಡೆಂಟರಿಗೆ ವಾರಕ್ಕೆ 80 ಗಂಟೆಗಳ ಮಿತಿ ಜಾರಿಗೆ ಬಂದದ್ದೇ 2003ರಲ್ಲಿ. ಕೆಂಪು ದೀಪದ ಮುಂದೆ ಕಾರು ನಿಲ್ಲಿಸಿ ಹಾಗೆಯೇ ನಿದ್ದೆ ಹೋಗಿ, ಹಿಂದಿನವರ ಹಾರನ್ನಿಗೆ ಎಚ್ಚೆತ್ತ ಅನುಭವ ನಮ್ಮ ಜೊತೆಗಾರರಲ್ಲಿ ಅನೇಕರಿಗುಂಟು. ದೀರ್ಘ ಪಾಳಿ ಮುಗಿಸಿ ಮನೆಗೆ ಹೊರಟ ಇಂಟರ್ನ್ ವೈದ್ಯರಿಗೆ ವಾಹನ ಅಪಘಾತದ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಸ್ಸಿನಲ್ಲಿ ಕನಿಷ್ಠ ಓಡಿಸುವವನಾದರೂ ಎಚ್ಚರವಾಗಿರುತ್ತಾನೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2015ರಲ್ಲಿ ಟೊರಾಂಟೊದ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ತಮ್ಮ ವಿದ್ಯಾರ್ಥಿಗಳ ಪ್ರಯಾಣದ ಸಮೀಕ್ಷೆ ನಡೆಸಿದವು. 15 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಉತ್ತರಿಸಿದರು. ದಾರಿ ಉದ್ದವಾದಷ್ಟೂ ವಿದ್ಯಾರ್ಥಿಗಳು ಕ್ಯಾಂಪಸ್ಸಿಗೆ ಬರುವುದೂ ಅಲ್ಲಿನ ಚಟುವಟಿಕೆಗಳಲ್ಲಿ ಪಾಲುಗೊಳ್ಳುವುದೂ ಕಡಿಮೆಯಾಗುತ್ತದೆಂದು ಅದರ ಆಧಾರದ ಮೇಲೆ ಸಂಶೋಧಕರು ಬರೆದರು. ಎರಡು ಗಂಟೆಯ ಒಂದು ತರಗತಿಗಾಗಿ ನಾಲ್ಕು ಗಂಟೆ ಪ್ರಯಾಣ ಮಾಡಬೇಕೆಂದಾಗ ಯಾರಿಗಾದರೂ ‘ಇಂದು ಬೇಡ’ ಎನಿಸುವುದು ಸಹಜ. ಮುಂದೆ ಶಿಫಾರಸು ಪತ್ರ ಬೇಕಾದಾಗ ಪ್ರಾಧ್ಯಾಪಕರಿಗೆ ಆ ವಿದ್ಯಾರ್ಥಿಯ ಮುಖವೇ ನೆನಪಾಗುವುದಿಲ್ಲ.

ಇನ್ನು ಈ ದಾರಿ ಎಂಬುದು ಕಲ್ಲಿನಲ್ಲಿ ಕೆತ್ತಿದ್ದಲ್ಲ, ನಡುವೆ ಬದಲಾಗುತ್ತದೆ. ಯಾರ್ಕ್ ವಿಶ್ವವಿದ್ಯಾಲಯಕ್ಕೆ ಸುರಂಗ ರೈಲು ಬಂದದ್ದು 2017ರ ಡಿಸೆಂಬರಿನಲ್ಲಿ. ಎಲ್ಲರೂ ಹಿಗ್ಗಿದರು. 2019ರ ಜನವರಿಯಿಂದ ಗೋ ಬಸ್ಸುಗಳು ಕ್ಯಾಂಪಸ್ಸಿನ ಒಳಗೆ ಬರುವುದು ನಿಂತು, 407 ಹೆದ್ದಾರಿಯ ನಿಲ್ದಾಣದಲ್ಲಿಯೇ ಇಳಿಸತೊಡಗಿದವು. ಬ್ರಾಂಪ್ಟನ್, ಮಿಸ್ಸಿಸಾಗಾಗಳಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಮಕ್ಕಳು ಇಳಿದು, ಇನ್ನೊಂದು ಟಿಕೆಟು ಕೊಟ್ಟು, ಎರಡು ನಿಲ್ದಾಣಗಳಷ್ಟು ರೈಲಿನಲ್ಲಿ ಹೋಗಬೇಕಾಯಿತು. ಆ ಎರಡನೆಯ ಟಿಕೆಟಿನ ಹೊರೆ ತಪ್ಪಿದ್ದು 2024ರ ಫೆಬ್ರವರಿಯಲ್ಲಿ, ಒಂದೇ ದರದ ಯೋಜನೆ ಬಂದ ಮೇಲೆ. ಸ್ಕಾರ್ಬರೋದ ಮೇಲ್ಸೇತುವೆಯ ರೈಲು 2023ರ ಜುಲೈನಲ್ಲಿ ಹಳಿ ತಪ್ಪಿತು. ಮತ್ತೆ ಓಡಲೇ ಇಲ್ಲ, ಅದರ ಬದಲು ಬಸ್ಸು ಬಂತು. ಎಗ್ಲಿಂಟನ್ ರಸ್ತೆಯ ರೈಲಿನ ಕಾಮಗಾರಿ ಆರಂಭವಾದದ್ದು 2011ರಲ್ಲಿ, ಮುಗಿಯಬೇಕಿದ್ದದ್ದು 2020ರಲ್ಲಿ. 2024 ಕಳೆದರೂ ಒಬ್ಬ ಪ್ರಯಾಣಿಕನೂ ಅದನ್ನು ಹತ್ತಿರಲಿಲ್ಲ. ‘ಇನ್ನೆರಡು ವರ್ಷದಲ್ಲಿ ಇಲ್ಲಿಗೇ ರೈಲು ಬರುತ್ತದಂತೆ’ ಎಂಬ ಮಾತನ್ನು ನಂಬಿ ನಾಲ್ಕು ವರ್ಷದ ಓದನ್ನು ಆರಿಸಿಕೊಳ್ಳಬಾರದು.

ನಾವು ಬಸ್ಸಿನ ಶತ್ರುಗಳೆಂದು ತಾವು ತಿಳಿಯಬಾರದು. ಮನೆಯಿಂದ ಹೋಗಿಬಂದು ಚೆನ್ನಾಗಿ ಓದಿದ ಮಕ್ಕಳು ಈ ಸಭೆಯಲ್ಲಿಯೇ ಇದ್ದಾರೆ. ಪೇಟೆಯ ವಿಶ್ವವಿದ್ಯಾಲಯಗಳಲ್ಲಿ ವಸತಿ ಮತ್ತು ಊಟಕ್ಕೆ ಎಂಟು ತಿಂಗಳಿಗೆ 15 ಸಾವಿರ ಡಾಲರಿಗೂ ಹೆಚ್ಚು ಬೇಕು; ಎಲ್ಲರ ಮನೆಯಲ್ಲಿಯೂ ಅದು ಇರುವುದಿಲ್ಲ, ಇಲ್ಲವೆಂದು ಹೇಳಿಕೊಳ್ಳಲು ನಾವು ಕನ್ನಡಿಗರು ಸಂಕೋಚಪಡುತ್ತೇವೆ. ಸರ್ಕಾರದ ವಿದ್ಯಾರ್ಥಿ ನೆರವು ಕೂಡ ಹೊರಗಿದ್ದು ಓದುವವರಿಗೆ ಹೆಚ್ಚು, ಮನೆಯಲ್ಲಿರುವವರಿಗೆ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. 2022ರ ಮಾರ್ಚಿನಿಂದ ಗೋ ಪ್ರಯಾಣದಲ್ಲಿ ವಿದ್ಯಾರ್ಥಿಗಳಿಗೆ ನೂರಕ್ಕೆ ನಲವತ್ತರಷ್ಟು ರಿಯಾಯಿತಿ ದೊರೆಯಿತು. ಅದೂ ಸಣ್ಣ ಮಾತಲ್ಲ. ಹಣವಲ್ಲದ ಲಾಭವೂ ಉಂಟು. ಆ ಎರಡು ವರ್ಷ ನಮ್ಮ ಅತ್ತೆಯವರು ನಮ್ಮಲ್ಲಿಯೇ ಇದ್ದರು. ರಾತ್ರಿ ಎಷ್ಟು ಹೊತ್ತಾದರೂ ಮೊಮ್ಮಗಳಿಗಾಗಿ ಎದ್ದು ಕೂತಿರುತ್ತಿದ್ದರು. ಅವಳ ಕನ್ನಡ ಇಂದು ಇಷ್ಟು ಸ್ವಚ್ಛವಾಗಿರುವುದಕ್ಕೆ ಆ ನಡುರಾತ್ರಿಯ ತಿಳಿಸಾರು ಅನ್ನವೂ ಅಜ್ಜಿಯ ಮಾತೂ ಕಾರಣ. ಇದನ್ನು ಅವಳೇ ಒಪ್ಪುತ್ತಾಳೆ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಇದು ಯಾವ ಗ್ರಂಥದಲ್ಲಿಯೂ ಇಲ್ಲ, ನಮ್ಮ ಸ್ವಂತ ಅಭಿಪ್ರಾಯ: ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆಯೊಳಗಾದರೆ ಚಿಂತೆ ಬೇಡ. ಒಂದೂವರೆ ಗಂಟೆ ದಾಟಿದರೆ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಅದೇ ಓದು ಸಿಗುವುದೇ ಎಂದು ಎರಡು ಬಾರಿ ನೋಡಬೇಕು, ಹೆಸರು ಸ್ವಲ್ಪ ಚಿಕ್ಕದಾದರೂ ಸರಿ. ಮಿಸ್ಸಿಸಾಗಾದ ಸ್ಕ್ವೇರ್ ಒನ್‌ನಿಂದ ವಾಟರ್ಲೂಗೆ ಗೋ ಬಸ್ಸು ಇದೆಯೆಂದು ದಿನವೂ ಹೋಗಿಬರುವ ಯೋಜನೆ ಹಾಕಿದ ಮನೆಯವರೊಬ್ಬರು ನಮ್ಮ ಸಲಹೆ ಕೇಳಿದ್ದರು, ಬೇಡವೇ ಬೇಡವೆಂದೆವು. ನಿಮಿಷಗಳಿಗಿಂತಲೂ ಬಸ್ಸು ಎಷ್ಟು ಬಾರಿ ಬದಲಿಸಬೇಕೆಂಬುದು ಮುಖ್ಯ. ಒಂದೇ ಬಸ್ಸಿನಲ್ಲಿ ಎಪ್ಪತ್ತು ನಿಮಿಷ ಕುಳಿತಿರುವುದು, ಮೂರು ಬಸ್ಸು ಬದಲಿಸುತ್ತ ಐವತ್ತು ನಿಮಿಷದಲ್ಲಿ ತಲಪುವುದಕ್ಕಿಂತ ಸುಖ. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಗಾಳಿಗೆ ಕಿವಿ ಮೂಗು ಒಡ್ಡಿ ನಿಂತ ಹತ್ತು ನಿಮಿಷವೂ ದೀರ್ಘವಾದದ್ದೇ. ಕಿವಿಯ ಅಂಚು ಬೆಳ್ಳಗಾಗಿ ಮರಗಟ್ಟಿದ್ದರೆ ಉಜ್ಜಬಾರದು, ಮೆಲ್ಲಗೆ ಬೆಚ್ಚಗೆ ಮಾಡಬೇಕು. ವೈದ್ಯರನ್ನು ಕರೆದದ್ದಕ್ಕೆ ಇಷ್ಟಾದರೂ ಹೇಳಬೇಕಲ್ಲವೇ!

ದಾರಿಯನ್ನು ಪರೀಕ್ಷಿಸಲು ವಿಶ್ವವಿದ್ಯಾಲಯದವರು ಕರೆಯುವ ಶನಿವಾರದ ತೆರೆದ ದಿನ ಸಾಲದು. ಅಂದು ಕಾರಿನಲ್ಲಿ ಹೋಗಿ, ಉಚಿತ ಚೀಲ ತೆಗೆದುಕೊಂಡು, ಗೋಪುರದ ಮುಂದೆ ಫೋಟೋ ಹಿಡಿದು ಬರುತ್ತೇವೆ. ಫೆಬ್ರವರಿಯ ಒಂದು ಮಂಗಳವಾರ, ಮಗುವಿನ ಜೊತೆ ತಾವೂ ಬಸ್ಸು ಹತ್ತಿ, ರಾತ್ರಿ ಒಂಬತ್ತರ ತರಗತಿ ಮುಗಿಸಿದವರಂತೆ ಮರಳಿ ಬರಬೇಕು. ಸೇರಿದ ಮೇಲೆ ಐದು ದಿನದ ತರಗತಿಗಳನ್ನು ಮೂರು ದಿನಕ್ಕೆ ಒತ್ತರಿಸಲಾಗುವುದೇ ನೋಡಬೇಕು. ಮನೆಯಿಂದ ಬರುವವರಿಗೆಂದೇ ಲಾಕರು, ವಿಶ್ರಾಂತಿ ಕೋಣೆ ಇಟ್ಟ ಕಾಲೇಜುಗಳಿವೆ, ಕೇಳಿ ಪಡೆಯಬೇಕು. ಹಣ ಒಂದೇ ವರ್ಷಕ್ಕೆ ಸಾಲುವುದಾದರೆ ಆ ಒಂದು ವರ್ಷ ಮೊದಲನೆಯದಾಗಿರಲಿ. ಗೆಳೆತನಗಳು ಕೂಡಿಬರುವುದು ಆಗಲೇ, ಮೊದಲ ವರ್ಷದವರಿಗೆ ವಸತಿಯ ಖಾತ್ರಿ ಕೊಡುವ ವಿಶ್ವವಿದ್ಯಾಲಯಗಳೂ ಇವೆ.

ನಮ್ಮ ಮಗಳು ಮೂರನೆಯ ವರ್ಷ ಕ್ಯಾಂಪಸ್ಸಿಗೆ ಹದಿನೈದು ನಿಮಿಷ ನಡಿಗೆಯ ದೂರದಲ್ಲಿ ಇನ್ನಿಬ್ಬರು ಹುಡುಗಿಯರೊಡನೆ ಮನೆ ಹಿಡಿದಳು. ತಿಂಗಳಿಗೆ 850 ಡಾಲರು ಅವಳ ಪಾಲು. ಶನಿವಾರಗಳಂದು ಗ್ರಂಥಾಲಯದಲ್ಲಿ ಕೆಲಸ ಮಾಡಿ ಅದರಲ್ಲಿ ಒಂದಿಷ್ಟನ್ನು ಅವಳೇ ದುಡಿದಳು. ಕೈಬಿಟ್ಟ ವಿಷಯವನ್ನು ಮತ್ತೆ ತೆಗೆದುಕೊಂಡು ಮುಗಿಸಿದಳು. 2020ರಲ್ಲಿ ಪದವಿ ಪಡೆದಳು. ಆ ವರ್ಷದ ಸಾಂಕ್ರಾಮಿಕದಿಂದಾಗಿ ಸಮಾರಂಭವನ್ನು ನಾವೆಲ್ಲ ಪರದೆಯ ಮೇಲೆ ನೋಡಿದೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವಳ ತಮ್ಮ 2021ರಲ್ಲಿ ವಿಶ್ವವಿದ್ಯಾಲಯ ಸೇರಿದ. ನಾವು ಪಾಠ ಕಲಿತವರು. ಮೊದಲ ದಿನವೇ ಅವನಿಗೆ ವಿದ್ಯಾರ್ಥಿನಿಲಯದಲ್ಲಿ ಕೋಣೆ ಹಿಡಿದೆವು. ಅವನ ಸಾಮಾನುಗಳನ್ನು ಕಾರಿಗೆ ಹೇರುವಾಗ ಮಗಳು ಬಾಗಿಲಲ್ಲಿ ನಿಂತು ನಗುತ್ತಲೇ ಕೇಳಿದಳು: ‘ನಂಗೆ ಬಸ್ಸು, ಅವ್ನಿಗೆ ರೂಮಾ?’ ನಮ್ಮಲ್ಲಿ ಉತ್ತರವಿತ್ತು. ನಿನ್ನಿಂದಲೇ ಕಲಿತೆವು, ಅದರ ಫಲ ಅವನಿಗೆ ಸಿಕ್ಕಿತು ಎಂದೆವು. ಅದು ನಿಜವೇ. ಆದರೆ ಪೂರ್ತಿ ನಿಜವೇ ಎಂದು ಆ ರಾತ್ರಿ ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡೆವು. 2016ರ ಆ ದೊಡ್ಡ ಹಾಳೆಯ ಮೇಲೆ ಬರೆಯದೆ ಬಿಟ್ಟ ಕಲಮು ಒಂದಿತ್ತು. ಹುಡುಗಿ, ಹದಿನೆಂಟು ವರ್ಷ, ಪೇಟೆಯ ನಡುವೆ ಒಬ್ಬಳೇ. ಊರಿನಲ್ಲಿ ಕೇಳಿದರೆ ಏನು ಹೇಳುವುದು? ಹಣದ ಮಾತು, ದೊಡ್ಡ ಮನೆಯ ಮಾತು, ಸಸ್ಯಾಹಾರದ ಮಾತು ಇವೆಲ್ಲ ಆ ಬರೆಯದ ಕಲಮಿನ ಮೇಲೆ ಹೊದಿಸಿದ ಬಟ್ಟೆಗಳು. ಅವಳನ್ನು ಕಾಪಾಡಬೇಕೆಂದು ಮನೆಯಲ್ಲಿಟ್ಟುಕೊಂಡು, ದಿನವೂ ರಾತ್ರಿ ಹನ್ನೊಂದರಲ್ಲಿ ನಿಲ್ದಾಣದ ಕತ್ತಲಲ್ಲಿ ನಮ್ಮ ಕಾರಿಗಾಗಿ ಕಾಯುವಂತೆ ಮಾಡಿದೆವು. ಈ ಮಾತನ್ನು ತುಂಬಿದ ಸಭೆಯಲ್ಲಿ ಹೇಳಬೇಕೇ ಎಂದು ಯೋಚಿಸಿದ್ದುಂಟು. ಹೇಳು ಎಂದವಳು ಮಗಳೇ.

ಕೊನೆಯದಾಗಿ ಒಂದು ಕೋರಿಕೆ. ಪೇಟೆಯ ಒಳಗೆ, ಕ್ಯಾಂಪಸ್ಸುಗಳ ಹತ್ತಿರ ವಾಸವಾಗಿರುವ ಕನ್ನಡ ಕುಟುಂಬಗಳು ನಮ್ಮ ಸಂಘದಲ್ಲಿ ಹಲವಾರಿವೆ. ಹಿಮ ಬಿದ್ದ ರಾತ್ರಿ, ಪರೀಕ್ಷೆಯ ಹಿಂದಿನ ರಾತ್ರಿ, ಪ್ರಯೋಗಶಾಲೆ ತಡವಾದ ರಾತ್ರಿ ಮಗುವೊಂದಕ್ಕೆ ಮಲಗಲು ಒಂದು ಸೋಫಾ, ಬೆಳಗ್ಗೆ ಒಂದು ಲೋಟ ಕಾಫಿ ಕೊಡಬಲ್ಲವರು ಯಾರಿದ್ದೀರಿ? ಹಾಗೆಯೇ ದೂರದಿಂದ ಬರುವ ಮಕ್ಕಳು ಯಾರಿದ್ದೀರಿ? ವಾರಾನ್ನವಲ್ಲ, ಚಳಿಗಾಲದ ನಾಲ್ಕಾರು ರಾತ್ರಿಗಳು ಮಾತ್ರ. ಕಾಫಿಯ ಮೇಜಿನ ಪಕ್ಕದಲ್ಲಿ ಎರಡು ಹಾಳೆಗಳನ್ನಿಟ್ಟಿದ್ದೇವೆ. ಒಂದರಲ್ಲಿ ಮನೆಯವರು, ಇನ್ನೊಂದರಲ್ಲಿ ವಿದ್ಯಾರ್ಥಿಗಳು ಹೆಸರು ಬರೆಯಬೇಕು. ಮೊದಲನೆಯ ಹಾಳೆಯಲ್ಲಿ ಈಗಾಗಲೇ ಒಂದು ಹೆಸರಿದೆ. ಅದು ನಮ್ಮ ಮಗಳದು. ಅವಳೀಗ ಪೇಟೆಯಲ್ಲಿಯೇ ಇದ್ದಾಳೆ, ಅವಳ ಮನೆ ಸುರಂಗ ರೈಲಿನ ನಿಲ್ದಾಣಕ್ಕೆ ಐದು ನಿಮಿಷ.